ಹಳೆಯ ಕಟ್ಟಡಗಳಲ್ಲಿ ಕಲ್ನಾರು: ದುರಸ್ತಿ ಮತ್ತು ಕೆಡವುವ ಕೆಲಸದಲ್ಲಿ ತೊಡಗಿರುವವರಿಗೆ ಸುರಕ್ಷತಾ ಮಾಹಿತಿ

1. ಪ್ರಸ್ತಾವನೆ

ರಾಜ್ಯದ ಹಳೆಯ ಶಾಲೆಗಳು, ಗೋದಾಮುಗಳು, ಅಕ್ಕಿ ಗಿರಣಿಗಳು, ಕಾರ್ಖಾನೆಗಳು, ಚಿತ್ರಮಂದಿರಗಳು, ದನದ ಕೊಟ್ಟಿಗೆಗಳು ಹಾಗೂ ವಾಸದ ಮನೆಗಳ ಮೇಲೆ ಬೂದು ಬಣ್ಣದ ಅಲೆಅಲೆಯಾದ ಸಿಮೆಂಟ್ ಶೀಟುಗಳು ಸಾಮಾನ್ಯವಾಗಿ ಕಂಡುಬರುತ್ತವೆ. ಇವುಗಳಲ್ಲಿ ಬಹುಪಾಲು ಶೀಟುಗಳನ್ನು ಕಲ್ನಾರು ಅಥವಾ ಆಸ್ಬೆಸ್ಟಾಸ್ ಎಂಬ ಖನಿಜವನ್ನು ಸಿಮೆಂಟಿನೊಂದಿಗೆ ಬೆರೆಸಿ ತಯಾರಿಸಲಾಗಿರುತ್ತದೆ. ಶೀಟು ಗಟ್ಟಿಯಾಗಿದ್ದು ಅದನ್ನು ಯಾರೂ ಕೆದಕದಿರುವಾಗ ಅಪಾಯ ಕಡಿಮೆ. ಅದನ್ನು ಕತ್ತರಿಸಿದಾಗ, ಕೊರೆದಾಗ, ಒಡೆದಾಗ ಅಥವಾ ಉಜ್ಜಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದ ಎಳೆಗಳು ಇರುತ್ತವೆ. ಆ ಎಳೆಗಳು ಶ್ವಾಸಕೋಶವನ್ನು ಸೇರಿ ಗಂಭೀರ ಕಾಯಿಲೆಗಳಿಗೆ ಕಾರಣವಾಗುತ್ತವೆ.

ಧೂಳನ್ನು ಉಸಿರಾಡಿದ ದಿನ ಕೆಲಸಗಾರನಿಗೆ ಯಾವ ತೊಂದರೆಯೂ ಅನುಭವಕ್ಕೆ ಬರುವುದಿಲ್ಲ. ಕಾಯಿಲೆ ಕಾಣಿಸಿಕೊಳ್ಳುವುದು ಹಲವು ವರ್ಷಗಳ ನಂತರ, ಕೆಲವೊಮ್ಮೆ 40 ವರ್ಷಗಳ ನಂತರ. ಆ ವೇಳೆಗೆ ಕಟ್ಟಡವೂ ಉಳಿದಿರುವುದಿಲ್ಲ, ಗುತ್ತಿಗೆದಾರನೂ ಸಿಗುವುದಿಲ್ಲ. ಆದ್ದರಿಂದ ಈ ವಿಷಯದಲ್ಲಿ ಎರಡು ಕರ್ತವ್ಯಗಳು ಮುಖ್ಯವಾದವು: ಇಂದು ಧೂಳು ಏಳದಂತೆ ನೋಡಿಕೊಳ್ಳುವುದು, ಮತ್ತು ಇಂದು ಮಾಡಿದ ಕೆಲಸದ ದಾಖಲೆಯನ್ನು ಕಾಪಾಡಿಕೊಳ್ಳುವುದು.

ಬಡಗಿಗಳು, ಗಾರೆ ಕೆಲಸದವರು, ವಿದ್ಯುತ್ ಮತ್ತು ಕೊಳಾಯಿ ಕೆಲಸದವರು, ಬಣ್ಣ ಬಳಿಯುವವರು, ಕಟ್ಟಡ ಕೆಡವುವವರು, ಗುಜರಿ ವ್ಯಾಪಾರಿಗಳು ಹಾಗೂ ಕಟ್ಟಡದ ಮಾಲೀಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ಕಲ್ನಾರು ಎಂದರೇನು?

ಕಲ್ನಾರು ಎಂಬ ಹೆಸರೇ ಸೂಚಿಸುವಂತೆ ಇದು ನಾರಿನ ರೂಪದಲ್ಲಿ ದೊರೆಯುವ ಕಲ್ಲು. ರಾಜ್ಯದಲ್ಲಿ ಹಾಸನ ಜಿಲ್ಲೆಯ ಹೊಳೆನರಸೀಪುರ ಭಾಗದ ಶಿಲೆಗಳಲ್ಲಿಯೂ ಇದು ಕಂಡುಬರುತ್ತದೆ. ಬೆಂಕಿಗೆ ಸುಡದ, ತುಕ್ಕು ಹಿಡಿಯದ, ಎಳೆದರೆ ಸುಲಭವಾಗಿ ತುಂಡಾಗದ ಗುಣಗಳಿಂದಾಗಿ 20ನೇ ಶತಮಾನದಲ್ಲಿ ಇದನ್ನು ಕಟ್ಟಡ ಸಾಮಗ್ರಿಗಳಲ್ಲಿ ವ್ಯಾಪಕವಾಗಿ ಬಳಸಲಾಯಿತು. ಭಾರತದಲ್ಲಿ ಕಲ್ನಾರಿನ ಸಿಮೆಂಟ್ ಶೀಟುಗಳ ತಯಾರಿಕೆ 1930ರ ದಶಕದಲ್ಲಿ ಆರಂಭವಾಯಿತು.

ಬಿಳಿ, ಕಂದು ಮತ್ತು ನೀಲಿ ಕಲ್ನಾರುಗಳು ಹೆಚ್ಚು ಬಳಕೆಯಾದ ಬಗೆಗಳು. ಚಾವಣಿಯ ಶೀಟುಗಳಲ್ಲಿ ಇರುವುದು ಸಾಮಾನ್ಯವಾಗಿ ಬಿಳಿ ಕಲ್ನಾರು. ಬಿಳಿ ಕಲ್ನಾರು ನಿರಪಾಯಕಾರಿ ಎಂಬ ಭಾವನೆ ಕೆಲವರಲ್ಲಿದೆ. ಇದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಎಲ್ಲ ಬಗೆಯ ಕಲ್ನಾರನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗದಲ್ಲಿ ಸೇರಿಸಿದೆ. ಯುನೈಟೆಡ್ ಕಿಂಗ್‌ಡಂ 1999ರಲ್ಲಿ, ಆಸ್ಟ್ರೇಲಿಯಾ 2003ರ ಅಂತ್ಯದಲ್ಲಿ ಮತ್ತು ಐರೋಪ್ಯ ಒಕ್ಕೂಟ 2005ರಲ್ಲಿ ಎಲ್ಲ ಬಗೆಯ ಕಲ್ನಾರಿನ ಬಳಕೆಯನ್ನು ನಿಷೇಧಿಸಿದವು. ನಿಷೇಧಿಸಿದ ದೇಶಗಳಲ್ಲಿಯೂ ಹಳೆಯ ಕಟ್ಟಡಗಳಲ್ಲಿ ಉಳಿದಿರುವ ಕಲ್ನಾರು ಇಂದಿಗೂ ಕೆಲಸಗಾರರಿಗೆ ಅಪಾಯಕಾರಿಯಾಗಿದೆ.

3. ಕಟ್ಟಡದಲ್ಲಿ ಕಲ್ನಾರು ಇರಬಹುದಾದ ಸ್ಥಳಗಳು

(ಅ) ಸಿಮೆಂಟಿನೊಂದಿಗೆ ಗಟ್ಟಿಯಾಗಿ ಬೆರೆತಿರುವ ವಸ್ತುಗಳು: ಚಾವಣಿ ಮತ್ತು ಪಕ್ಕದ ಗೋಡೆಯ ಶೀಟುಗಳು, ಚಾವಣಿಯ ನೆತ್ತಿಗೆ ಹೊದಿಸುವ ತುಂಡುಗಳು, ಮಳೆನೀರಿನ ದೋಣಿ ಮತ್ತು ಕೊಳವೆಗಳು, ಹಳೆಯ ನೀರಿನ ತೊಟ್ಟಿಗಳು, ನೀರು ಸರಬರಾಜು ಕೊಳವೆಗಳು, ಹೊಗೆ ಕೊಳವೆಗಳು. ಚಾವಣಿಯ ಶೀಟಿನಲ್ಲಿ ಕಲ್ನಾರಿನ ಪ್ರಮಾಣ ಸಾಮಾನ್ಯವಾಗಿ ಶೇ. 8ರಿಂದ 15ರಷ್ಟು ಇರುತ್ತದೆ.

(ಆ) ಕೈಯಿಂದ ಹಿಸುಕಿದರೂ ಪುಡಿಯಾಗುವ ವಸ್ತುಗಳು: ಬಾಯ್ಲರ್ ಮತ್ತು ಹಬೆ ಕೊಳವೆಗಳಿಗೆ ಸುತ್ತಿದ ಶಾಖನಿರೋಧಕ ಲೇಪ, ಕಲ್ನಾರಿನ ಹಗ್ಗ ಮತ್ತು ಬಟ್ಟೆ, ಕುಲುಮೆಯ ಬಾಗಿಲಿಗೆ ಹಾಕಿದ ರಟ್ಟು, ಬೆಂಕಿ ತಡೆಗಾಗಿ ಉಕ್ಕಿನ ತೊಲೆಗಳಿಗೆ ಸಿಂಪಡಿಸಿದ ಪದರ.

(ಇ) ಇತರೆ: ಹಳೆಯ ಒಳಚಾವಣಿಯ ಹಲಗೆಗಳು, ವಿದ್ಯುತ್ ಫಲಕಗಳ ಹಿಂಬದಿಯ ಹಲಗೆ, ಕೆಲವು ಬಗೆಯ ನೆಲಹಾಸು ಬಿಲ್ಲೆಗಳು, ಯಂತ್ರಗಳ ಗ್ಯಾಸ್ಕೆಟ್‌ಗಳು.

ಎರಡನೆಯ ಗುಂಪಿನ ವಸ್ತುಗಳು ಅತ್ಯಂತ ಅಪಾಯಕಾರಿಯಾಗಿದ್ದು, ತರಬೇತಿ ಮತ್ತು ಸೂಕ್ತ ಸಲಕರಣೆಗಳಿಲ್ಲದ ಯಾವುದೇ ವ್ಯಕ್ತಿ ಅವುಗಳನ್ನು ಮುಟ್ಟಕೂಡದು. ಮೊದಲನೆಯ ಗುಂಪಿನ ವಸ್ತುಗಳು ಹಳೆಯದಾದಂತೆ ಮಳೆ ಬಿಸಿಲಿಗೆ ಮೇಲಿನ ಸಿಮೆಂಟ್ ಸವೆದು ಎಳೆಗಳು ಹೊರಬರುತ್ತವೆ. ಅಂತಹ ಚಾವಣಿಯ ಕೆಳಗಿನ ದೋಣಿಯಲ್ಲಿ ಶೇಖರವಾಗುವ ಹೂಳಿನಲ್ಲಿಯೂ ಎಳೆಗಳು ಇರುತ್ತವೆ.

ಕಣ್ಣಿನಿಂದ ನೋಡಿ ಕಲ್ನಾರನ್ನು ಖಚಿತವಾಗಿ ಗುರುತಿಸಲು ಸಾಧ್ಯವಿಲ್ಲ. ಕಲ್ನಾರಿಲ್ಲದ ಸಿಮೆಂಟ್ ಶೀಟುಗಳೂ ಮಾರುಕಟ್ಟೆಯಲ್ಲಿದ್ದು ನೋಡಲು ಒಂದೇ ರೀತಿ ಇರುತ್ತವೆ. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಪರೀಕ್ಷೆಯಿಂದ ಮಾತ್ರ ಇದು ತಿಳಿಯುತ್ತದೆ. ಪರೀಕ್ಷೆ ಆಗದಿದ್ದಲ್ಲಿ ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇದೆ ಎಂದೇ ಭಾವಿಸಿ ಕೆಲಸ ಮಾಡತಕ್ಕದ್ದು.

4. ಆರೋಗ್ಯದ ಮೇಲಾಗುವ ಪರಿಣಾಮಗಳು

ಅಪಾಯಕಾರಿ ಎಳೆಗಳ ದಪ್ಪ 3 ಮೈಕ್ರಾನ್‌ಗಿಂತ ಕಡಿಮೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಇಷ್ಟು ಸಣ್ಣ ಎಳೆಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲಾಡುತ್ತವೆ. ಮೂಗು ಮತ್ತು ಗಂಟಲು ಇವುಗಳನ್ನು ಪೂರ್ಣವಾಗಿ ತಡೆಯಲಾರವು. ಶ್ವಾಸಕೋಶದ ಆಳಕ್ಕೆ ಇಳಿದ ಉದ್ದನೆಯ ಎಳೆಗಳನ್ನು ಕರಗಿಸಲು ಅಥವಾ ಹೊರಹಾಕಲು ದೇಹಕ್ಕೆ ಸುಲಭವಾಗಿ ಸಾಧ್ಯವಾಗುವುದಿಲ್ಲ.

ಇದರಿಂದ ಬರುವ ಮುಖ್ಯ ಕಾಯಿಲೆಗಳು:

(ಅ) ಆಸ್ಬೆಸ್ಟೋಸಿಸ್: ಶ್ವಾಸಕೋಶವು ಗಾಯದ ಕಲೆಯಂತೆ ಗಡುಸಾಗುವ ಕಾಯಿಲೆ. ಮೆಟ್ಟಿಲು ಹತ್ತುವಾಗ ಏದುಸಿರು, ಒಣಕೆಮ್ಮು, ಎದೆ ಬಿಗಿತ ಇದರ ಲಕ್ಷಣಗಳು. ಹೆಚ್ಚು ಧೂಳಿನಲ್ಲಿ ಬಹುಕಾಲ ದುಡಿದವರಲ್ಲಿ ಕಂಡುಬರುತ್ತದೆ. ಗಡುಸಾದ ಭಾಗವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ.

(ಆ) ಶ್ವಾಸಕೋಶದ ಕ್ಯಾನ್ಸರ್: ಬೀಡಿ ಸಿಗರೇಟು ಸೇದುವವರು ಕಲ್ನಾರಿನ ಧೂಳಿನಲ್ಲಿಯೂ ಕೆಲಸ ಮಾಡಿದಲ್ಲಿ ಈ ಅಪಾಯ ಅನೇಕ ಪಟ್ಟು ಹೆಚ್ಚುತ್ತದೆ.

(ಇ) ಮೀಸೋಥೀಲಿಯೋಮ: ಶ್ವಾಸಕೋಶ ಅಥವಾ ಹೊಟ್ಟೆಯ ಒಳಪೊರೆಗೆ ಬರುವ ಕ್ಯಾನ್ಸರ್. ಇದಕ್ಕೆ ಕಲ್ನಾರೇ ಪ್ರಮುಖ ಕಾರಣ. ಕಡಿಮೆ ಪ್ರಮಾಣದ ಧೂಳಿನಿಂದಲೂ ಬರಬಹುದು.

(ಈ) ಧ್ವನಿಪೆಟ್ಟಿಗೆ ಮತ್ತು ಅಂಡಾಶಯದ ಕ್ಯಾನ್ಸರಿಗೂ ಕಲ್ನಾರು ಕಾರಣವಾಗುತ್ತದೆ.

ಈ ಅಪಾಯ ಕೆಲಸಗಾರನಿಗಷ್ಟೇ ಸೀಮಿತವಲ್ಲ. 1965ರಲ್ಲಿ ಲಂಡನ್ ನಗರದ ರೋಗಿಗಳ ಕುರಿತು ಪ್ರಕಟವಾದ ಅಧ್ಯಯನವೊಂದರಲ್ಲಿ, ಕಲ್ನಾರಿನ ಕೆಲಸಕ್ಕೆ ಎಂದೂ ಹೋಗದಿದ್ದರೂ ಕೆಲಸಗಾರರೊಂದಿಗೆ ಒಂದೇ ಮನೆಯಲ್ಲಿ ವಾಸಿಸಿದ್ದವರಲ್ಲಿ ಮೀಸೋಥೀಲಿಯೋಮ ಕಂಡುಬಂದಿತು. ಅವರಲ್ಲಿ ಗಂಡನ ಕೆಲಸದ ಬಟ್ಟೆ ಒಗೆಯುತ್ತಿದ್ದ ಮಹಿಳೆಯರು ಸೇರಿದ್ದರು. ಬಟ್ಟೆ, ತಲೆಗೂದಲು ಮತ್ತು ಚಪ್ಪಲಿಗೆ ಅಂಟಿದ ಧೂಳು ಮನೆಗೆ ಹೋಗದಂತೆ ನೋಡಿಕೊಳ್ಳುವುದು ಅಗತ್ಯ.

5. ಕೆಲಸ ಆರಂಭಿಸುವ ಮುನ್ನ

(ಅ) ಕಟ್ಟಡದ ವಯಸ್ಸು, ಹಿಂದಿನ ದುರಸ್ತಿಗಳು ಮತ್ತು ಬಳಸಿದ ಸಾಮಗ್ರಿಗಳ ವಿವರವನ್ನು ಮಾಲೀಕರು ಗುತ್ತಿಗೆದಾರರಿಗೆ ಲಿಖಿತವಾಗಿ ತಿಳಿಸುವುದು ಸೂಕ್ತ. ಕಟ್ಟಡ ಕೆಡವಲು ಸ್ಥಳೀಯ ಸಂಸ್ಥೆಯ ಅನುಮತಿ ಕೋರುವಾಗ ಕಲ್ನಾರಿನ ಶೀಟುಗಳ ಸಂಖ್ಯೆಯನ್ನು ಅರ್ಜಿಯೊಂದಿಗೆ ತಿಳಿಸಿದಲ್ಲಿ ತ್ಯಾಜ್ಯದ ವಿಲೇವಾರಿಗೆ ಅನುಕೂಲವಾಗುತ್ತದೆ.

(ಆ) ಆ ವಸ್ತುವನ್ನು ಮುಟ್ಟದೆಯೇ ಕೆಲಸ ಪೂರೈಸಲು ಸಾಧ್ಯವೇ ಎಂದು ಮೊದಲು ಪರಿಶೀಲಿಸತಕ್ಕದ್ದು. ಉದಾಹರಣೆಗೆ, ಶೀಟಿಗೆ ರಂಧ್ರ ಕೊರೆದು ವಿದ್ಯುತ್ ತಂತಿ ಎಳೆಯುವ ಬದಲು ಬೇರೆ ದಾರಿಯಲ್ಲಿ ಎಳೆಯಬಹುದು.

(ಇ) ಕೆಡವುವ ಕಟ್ಟಡದಲ್ಲಿ ಕಲ್ನಾರಿನ ವಸ್ತುಗಳನ್ನು ಮೊದಲು ಇಡಿಯಾಗಿ ಇಳಿಸಿ, ಆ ನಂತರವೇ ಗೋಡೆ ಕೆಡವತಕ್ಕದ್ದು. ಶೀಟುಗಳು ಮೇಲಿರುವಾಗ ಯಂತ್ರದಿಂದ ಕಟ್ಟಡ ಉರುಳಿಸಕೂಡದು.

(ಈ) ಕೆಲಸದ ನಡುವೆ ಅನುಮಾನಾಸ್ಪದ ವಸ್ತು ಕಂಡುಬಂದಲ್ಲಿ ತಕ್ಷಣ ಕೆಲಸ ನಿಲ್ಲಿಸಿ, ಇತರರನ್ನು ದೂರವಿರಿಸಿ, ಮೇಲ್ವಿಚಾರಕರಿಗೆ ತಿಳಿಸತಕ್ಕದ್ದು.

6. ಚಾವಣಿಯಿಂದ ಬೀಳುವ ಅಪಾಯ

ಕಲ್ನಾರಿನ ಶೀಟು ಮನುಷ್ಯನ ಭಾರವನ್ನು ತಡೆಯುವುದಿಲ್ಲ. ಹೊರನೋಟಕ್ಕೆ ಗಟ್ಟಿಯಾಗಿ ಕಂಡರೂ ಅದು ಯಾವ ಮುನ್ಸೂಚನೆಯೂ ಇಲ್ಲದೆ ಒಮ್ಮೆಲೇ ಮುರಿಯುತ್ತದೆ. ಧೂಳಿನ ಕಾಯಿಲೆ ಹಲವು ವರ್ಷಗಳ ನಂತರ ಬರುವಂಥದ್ದು. ಚಾವಣಿ ಮುರಿದು ಬೀಳುವುದು ಅದೇ ದಿನ ಪ್ರಾಣ ತೆಗೆಯುವಂಥದ್ದು. ಬೋಲ್ಟುಗಳ ಸಾಲಿನ ಮೇಲೆ ಕಾಲಿಟ್ಟರೆ ಶೀಟು ಮುರಿಯುವುದಿಲ್ಲ ಎಂಬ ನಂಬಿಕೆಯನ್ನು ಆಧರಿಸಿ ನಡೆಯಕೂಡದು.

ಸಾಧ್ಯವಿದ್ದಲ್ಲೆಲ್ಲ ಕೆಳಗಿನಿಂದ, ಭದ್ರವಾದ ಅಟ್ಟಣಿಗೆಯ ಮೇಲೆ ನಿಂತು ಕೆಲಸ ಮಾಡತಕ್ಕದ್ದು. ಮೇಲೆ ಹತ್ತುವುದು ಅನಿವಾರ್ಯವಾದಲ್ಲಿ ಎರಡಕ್ಕಿಂತ ಹೆಚ್ಚು ಆಧಾರಗಳ ಮೇಲೆ ಕೂರುವಷ್ಟು ಉದ್ದದ ಹಲಗೆ ಅಥವಾ ಚಾವಣಿ ಏಣಿಯನ್ನು ಹಾಸಿ, ಭದ್ರವಾದ ಆಧಾರಕ್ಕೆ ಕಟ್ಟಿದ ಸುರಕ್ಷತಾ ಮೈಪಟ್ಟಿಯನ್ನು ಧರಿಸಿ, ಕೆಳಗೆ ಬಲೆಯನ್ನು ಹರಡಿ ಕೆಲಸ ಮಾಡತಕ್ಕದ್ದು. ಮಳೆಯಲ್ಲಿ, ಗಾಳಿ ಬೀಸುವಾಗ ಅಥವಾ ಪಾಚಿ ಕಟ್ಟಿ ಜಾರುವ ಚಾವಣಿಯ ಮೇಲೆ ಕೆಲಸ ಕೂಡದು.

7. ಮಾಡಬಾರದ ಕೆಲಸಗಳು

(ಅ) ವಿದ್ಯುತ್ ಗರಗಸ, ಗ್ರೈಂಡರ್ ಅಥವಾ ವೇಗವಾಗಿ ತಿರುಗುವ ಡ್ರಿಲ್ ಬಳಸಿ ಶೀಟನ್ನು ಕತ್ತರಿಸುವುದು, ಕೊರೆಯುವುದು.

(ಆ) ಸುತ್ತಿಗೆಯಿಂದ ಒಡೆದು ಇಳಿಸುವುದು. ಮೇಲಿನಿಂದ ಕೆಳಗೆ ಎಸೆಯುವುದು.

(ಇ) ಮಳೆಗಾಲಕ್ಕೆ ಮುನ್ನ ಪಾಚಿ ತೆಗೆಯಲು ತಂತಿ ಬ್ರಷ್ಷಿನಿಂದ ಒಣ ಶೀಟನ್ನು ಉಜ್ಜುವುದು ಅಥವಾ ಅಧಿಕ ಒತ್ತಡದ ನೀರಿನ ಪಂಪಿನಿಂದ ತೊಳೆಯುವುದು. ಮಲೆನಾಡು ಮತ್ತು ಕರಾವಳಿ ಜಿಲ್ಲೆಗಳಲ್ಲಿ ಈ ಬಗ್ಗೆ ವಿಶೇಷ ಎಚ್ಚರ ಅಗತ್ಯ.

(ಈ) ಬಿದ್ದ ಪುಡಿಯನ್ನು ಒಣ ಪೊರಕೆಯಿಂದ ಗುಡಿಸುವುದು. ಮನೆ ಬಳಕೆಯ ಧೂಳು ಹೀರುವ ಯಂತ್ರ ಬಳಸುವುದು.

(ಉ) ಒಡೆದ ತುಂಡುಗಳನ್ನು ಪುಡಿ ಮಾಡಿ ರಸ್ತೆ ಗುಂಡಿ, ಅಂಗಳ ಅಥವಾ ತಳಪಾಯ ತುಂಬಲು ಬಳಸುವುದು.

(ಊ) ಕೆಲಸದ ಸ್ಥಳದಲ್ಲಿ ಊಟ, ಎಲೆ ಅಡಿಕೆ, ಬೀಡಿ ಸೇವನೆ ಮಾಡುವುದು. ಮಕ್ಕಳನ್ನು ಅಲ್ಲಿಗೆ ಕರೆತರುವುದು.

8. ಶೀಟು ಇಳಿಸುವ ಸುರಕ್ಷಿತ ಕ್ರಮ

(ಅ) ಕೆಲಸದ ಸ್ಥಳಕ್ಕೆ ಹಗ್ಗ ಕಟ್ಟಿ, ಎಚ್ಚರಿಕೆ ಫಲಕ ಹಾಕಿ, ನೆಲದ ಮೇಲೆ ದಪ್ಪ ಪಾಲಿಥೀನ್ ಹಾಳೆ ಹಾಸುವುದು. ಅಕ್ಕಪಕ್ಕದ ಮನೆಗಳ ಕಿಟಕಿ ಬಾಗಿಲುಗಳನ್ನು ಮುಚ್ಚಲು ಕೋರುವುದು.

(ಆ) ನೀರಿಗೆ ಪಾತ್ರೆ ತೊಳೆಯುವ ದ್ರಾವಣದ ಕೆಲವು ಹನಿ ಬೆರೆಸಿ, ತುಂತುರಾಗಿ ಸಿಂಪಡಿಸಿ ಶೀಟನ್ನು ಒದ್ದೆ ಮಾಡುವುದು. ಒದ್ದೆಯಾದ ಚಾವಣಿ ಜಾರುವುದರಿಂದ ಅದರ ಮೇಲೆ ಕಾಲಿಡಕೂಡದು. ವಿದ್ಯುತ್ ಸಂಪರ್ಕವನ್ನು ಮೊದಲೇ ಕಡಿತಗೊಳಿಸಿರತಕ್ಕದ್ದು.

(ಇ) ಬೋಲ್ಟುಗಳನ್ನು ಬಿಚ್ಚುವುದು. ತುಕ್ಕು ಹಿಡಿದಿದ್ದಲ್ಲಿ ಬೋಲ್ಟ್ ಕಟರಿನಿಂದ ಬೋಲ್ಟನ್ನೇ ಕತ್ತರಿಸುವುದು. ಶೀಟನ್ನು ಮೀಟಿ ಒಡೆಯಕೂಡದು.

(ಈ) ಶೀಟುಗಳನ್ನು ಇಡಿಯಾಗಿ, ಕೈಯಿಂದ ಕೈಗೆ ಅಥವಾ ಹಗ್ಗದ ನೆರವಿನಿಂದ ಇಳಿಸುವುದು.

(ಉ) ಒದ್ದೆಯಿರುವಾಗಲೇ ದಪ್ಪ ಪಾಲಿಥೀನ್ ಹಾಳೆಯಲ್ಲಿ ಎರಡು ಪದರ ಸುತ್ತಿ, ಟೇಪು ಅಂಟಿಸಿ, "ಕಲ್ನಾರು: ಅಪಾಯ, ಬಿಚ್ಚಬೇಡಿ" ಎಂದು ಬರೆಯುವುದು. ಒಡೆದ ತುಂಡುಗಳನ್ನು ಎರಡು ಚೀಲಗಳಲ್ಲಿ ಕಟ್ಟುವುದು.

(ಊ) ಉಳಿದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಅದೇ ಚೀಲಕ್ಕೆ ಹಾಕುವುದು.

ಕೆಲಸಗಾರರು ಎಫ್.ಎಫ್.ಪಿ.-3 ದರ್ಜೆಯ ಅಥವಾ ಅದಕ್ಕಿಂತ ಉತ್ತಮವಾದ ಉಸಿರಾಟದ ಮುಖವಾಡವನ್ನು ಧರಿಸತಕ್ಕದ್ದು. ಕರವಸ್ತ್ರ, ಟವೆಲು ಮತ್ತು ಆಸ್ಪತ್ರೆಯಲ್ಲಿ ಬಳಸುವ ತೆಳು ಮಾಸ್ಕ್ ಈ ಎಳೆಗಳನ್ನು ತಡೆಯುವುದಿಲ್ಲ. ಮುಖವಾಡ ಕೆನ್ನೆಗೆ ಸರಿಯಾಗಿ ಕೂರದಿದ್ದರೆ ಅಥವಾ ಗಡ್ಡವಿದ್ದರೆ ಸಂದಿನಿಂದ ಧೂಳು ಒಳಹೋಗುತ್ತದೆ. ಒಮ್ಮೆ ಬಳಸಿ ಬಿಸಾಡುವ ಮೇಲುಡುಪು ಹಾಗೂ ತೊಳೆಯಬಹುದಾದ ಬೂಟುಗಳನ್ನು ಧರಿಸುವುದು ಸೂಕ್ತ. ಕೆಲಸ ಮುಗಿದ ಮೇಲೆ ಮೇಲುಡುಪನ್ನು ಮೊದಲು ತೆಗೆದು ಚೀಲಕ್ಕೆ ಹಾಕಿ, ಮುಖವಾಡವನ್ನು ಕೊನೆಯಲ್ಲಿ ತೆಗೆದು, ಸ್ನಾನ ಮಾಡಿದ ನಂತರವೇ ಮನೆಗೆ ಹೋಗತಕ್ಕದ್ದು.

9. ತ್ಯಾಜ್ಯದ ವಿಲೇವಾರಿ

2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ಅನುಸೂಚಿಯಲ್ಲಿ ಕಲ್ನಾರಿನ ತ್ಯಾಜ್ಯ ಸೇರಿದೆ. ಕಲ್ನಾರಿನ ತ್ಯಾಜ್ಯವನ್ನು ವಿಲೇವಾರಿ ಮಾಡುವ ಕ್ರಮದ ಬಗ್ಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್. 11768 ಎಂಬ ಮಾನಕವೂ, ಕಲ್ನಾರು ಸೇರಿದ ಉತ್ಪನ್ನಗಳನ್ನು ಸುರಕ್ಷಿತವಾಗಿ ಬಳಸುವ ಬಗ್ಗೆ ಐ.ಎಸ್. 11769 ಎಂಬ ಮಾನಕವೂ ಇವೆ. ತೆಗೆದ ಶೀಟುಗಳನ್ನು ಕೆರೆಯಂಗಳ, ರಸ್ತೆ ಬದಿ ಅಥವಾ ಖಾಲಿ ನಿವೇಶನಗಳಲ್ಲಿ ಎಸೆಯಕೂಡದು. ಇತರೆ ಕಟ್ಟಡ ತ್ಯಾಜ್ಯದೊಂದಿಗೆ ಬೆರೆಸಕೂಡದು. ಅಧಿಕೃತ ವಿಲೇವಾರಿ ಘಟಕದ ವಿವರವನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಿ ಪಡೆಯಬಹುದು.

10. ಕಾನೂನಿನ ರಕ್ಷಣೆ

ಸರ್ವೋಚ್ಚ ನ್ಯಾಯಾಲಯವು 1995ರ ಜನವರಿ 27ರಂದು ನೀಡಿದ ತೀರ್ಪಿನಲ್ಲಿ, ಕಾರ್ಮಿಕರ ಆರೋಗ್ಯದ ಹಕ್ಕು ಸಂವಿಧಾನದ 21ನೇ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದು ಘೋಷಿಸಿತು. ಕಲ್ನಾರಿನ ಉದ್ದಿಮೆಗಳು ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ನಂತರ 15 ವರ್ಷ, ಇವೆರಡರಲ್ಲಿ ಯಾವುದು ನಂತರವೋ ಅಲ್ಲಿಯವರೆಗೆ ಕಾಪಾಡಬೇಕೆಂದು ನಿರ್ದೇಶಿಸಿತು.

2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದು, 1948ರ ಕಾರ್ಖಾನೆಗಳ ಅಧಿನಿಯಮ ಹಾಗೂ 1996ರ ಕಟ್ಟಡ ಕಾರ್ಮಿಕರ ಅಧಿನಿಯಮದ ಸ್ಥಾನವನ್ನು ಪಡೆದಿದೆ. ಔದ್ಯೋಗಿಕ ಕಾಯಿಲೆ ಉಂಟುಮಾಡುವ ಅಪಾಯಗಳಿಂದ ಕೆಲಸದ ಸ್ಥಳವನ್ನು ಮುಕ್ತವಾಗಿಡುವುದು ಈ ಸಂಹಿತೆಯ ಪ್ರಕಾರ ಉದ್ಯೋಗದಾತನ ಕರ್ತವ್ಯ. ಸುರಕ್ಷತೆಗಾಗಿ ಒದಗಿಸುವ ಸಾಧನಗಳಿಗಾಗಲೀ, ಔದ್ಯೋಗಿಕ ಕಾಯಿಲೆ ಪತ್ತೆಗಾಗಿ ನಡೆಸುವ ವೈದ್ಯಕೀಯ ತಪಾಸಣೆಗಾಗಲೀ ಉದ್ಯೋಗಿಯಿಂದ ಹಣ ಪಡೆಯುವಂತಿಲ್ಲ. ಆಸ್ಬೆಸ್ಟೋಸಿಸ್ ಕಾಯಿಲೆಯು ಸಂಬಂಧಪಟ್ಟ ಪ್ರಾಧಿಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ. ಕಲ್ನಾರಿನಿಂದ ಬರುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೀಸೋಥೀಲಿಯೋಮಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಸೇರಿರುವುದರಿಂದ ಪರಿಹಾರ ಕೋರಲು ಅವಕಾಶವಿದೆ.

ಆದರೆ ಸುರಕ್ಷತಾ ಸಂಹಿತೆಯು ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಇಬ್ಬರು ಮೂವರು ಸೇರಿ ದಿನಗೂಲಿಗೆ ಮಾಡುವ ಚಾವಣಿ ದುರಸ್ತಿಯಲ್ಲಿ ಕೆಲಸಗಾರರ ಆರೋಗ್ಯ ದಾಖಲೆಯನ್ನು ಇಡುವವರು ಯಾರೂ ಇರುವುದಿಲ್ಲ. ಅಂತಹ ಕೆಲಸಗಾರರು ತಮ್ಮ ದಾಖಲೆಯನ್ನು ತಾವೇ ಇಟ್ಟುಕೊಳ್ಳುವುದು ಅತ್ಯಗತ್ಯ.

11. ಕೆಲಸಗಾರರು ಇಟ್ಟುಕೊಳ್ಳಬೇಕಾದ ದಾಖಲೆ

ಒಂದು ನೋಟ್ ಪುಸ್ತಕದಲ್ಲಿ ಈ ಕೆಳಗಿನ ವಿವರಗಳನ್ನು ಬರೆದಿಡತಕ್ಕದ್ದು:

- ಕೆಲಸದ ದಿನಾಂಕ ಮತ್ತು ಎಷ್ಟು ದಿನ
- ಕಟ್ಟಡದ ಹೆಸರು, ಊರು ಮತ್ತು ವಿಳಾಸ
- ಮಾಲೀಕರ ಹಾಗೂ ಗುತ್ತಿಗೆದಾರರ ಹೆಸರು
- ಮುಟ್ಟಿದ ವಸ್ತು ಮತ್ತು ಮಾಡಿದ ಕೆಲಸ (ಇಳಿಸುವುದು, ಕತ್ತರಿಸುವುದು, ಇತ್ಯಾದಿ)
- ಜೊತೆಯಲ್ಲಿ ದುಡಿದವರ ಹೆಸರು
- ಮುಖವಾಡ ಕೊಟ್ಟಿದ್ದರೇ, ಇಲ್ಲವೇ

ಕೂಲಿ ಚೀಟಿ, ಹಾಜರಾತಿ ಪ್ರತಿ, ಕೆಲಸದ ಸ್ಥಳದ ಛಾಯಾಚಿತ್ರ, ಎದೆಯ ಕ್ಷ-ಕಿರಣ ಚಿತ್ರ ಹಾಗೂ ವೈದ್ಯರ ಚೀಟಿಗಳನ್ನು ಈ ಪುಸ್ತಕದೊಂದಿಗೆ ಕಾಪಾಡತಕ್ಕದ್ದು. ಪುಸ್ತಕ ಎಲ್ಲಿದೆ ಎಂಬುದು ಮನೆಯ ಇನ್ನೊಬ್ಬ ಸದಸ್ಯರಿಗೂ ತಿಳಿದಿರುವುದು ಒಳಿತು.

ಏದುಸಿರು ಅಥವಾ ಬಿಡದ ಕೆಮ್ಮು ಇದ್ದಲ್ಲಿ ವೈದ್ಯರಿಗೆ ಹಿಂದಿನ ಕೆಲಸದ ವಿವರವನ್ನು ತಪ್ಪದೆ ತಿಳಿಸತಕ್ಕದ್ದು. ಈ ವಿವರ ತಿಳಿಯದಿದ್ದಲ್ಲಿ ಕಾಯಿಲೆಯನ್ನು ಕ್ಷಯ ಅಥವಾ ಉಬ್ಬಸವೆಂದು ಭಾವಿಸುವ ಸಂಭವವಿದೆ.

12. ಸೇವೆಗಳು ಮತ್ತು ಅರ್ಜಿ ಸಲ್ಲಿಸಬೇಕಾದ ಕಚೇರಿಗಳು

(ಅ) ಕಾರ್ಖಾನೆಗಳಲ್ಲಿ ಅಸುರಕ್ಷಿತ ಕೆಲಸದ ಬಗ್ಗೆ ದೂರು: ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಸಂಬಂಧಪಟ್ಟ ವಿಭಾಗದ ಕಚೇರಿ.

(ಆ) ಕಟ್ಟಡ ನಿರ್ಮಾಣ ಮತ್ತು ಕೆಡವುವ ಸ್ಥಳಗಳ ಬಗ್ಗೆ ದೂರು: ಕಾರ್ಮಿಕ ಇಲಾಖೆಯ ತಾಲ್ಲೂಕು ಅಥವಾ ಜಿಲ್ಲಾ ಕಚೇರಿ.

(ಇ) ಕಟ್ಟಡ ಕಾರ್ಮಿಕರ ನೋಂದಣಿ: ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ. 18 ವರ್ಷ ತುಂಬಿದ, 60 ವರ್ಷ ಮೀರದ ಮತ್ತು ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದವರು ಅರ್ಹರು. ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳತಕ್ಕದ್ದು. ಈ ಗುರುತಿನ ಚೀಟಿಯು ಕೆಲಸದ ಪುರಾವೆಯಾಗಿಯೂ ಉಪಯೋಗಕ್ಕೆ ಬರುತ್ತದೆ.

(ಈ) ಔದ್ಯೋಗಿಕ ಕಾಯಿಲೆಯ ಚಿಕಿತ್ಸೆ ಮತ್ತು ಪರಿಹಾರ: ಕಾರ್ಮಿಕರ ರಾಜ್ಯ ವಿಮೆಗೆ ಒಳಪಟ್ಟವರು ಸಂಬಂಧಪಟ್ಟ ಶಾಖಾ ಕಚೇರಿಗೆ, ಇತರರು ಪರಿಹಾರ ಕೋರಿಕೆಗಳನ್ನು ವಿಚಾರಣೆ ಮಾಡುವ ಸಕ್ಷಮ ಪ್ರಾಧಿಕಾರಕ್ಕೆ. ವೈದ್ಯಕೀಯ ಪ್ರಮಾಣಪತ್ರ ಹಾಗೂ ಕ್ರಮ ಸಂಖ್ಯೆ 11ರಲ್ಲಿ ತಿಳಿಸಿದ ದಾಖಲೆಗಳ ಪ್ರತಿಗಳನ್ನು ಅರ್ಜಿಯೊಂದಿಗೆ ಲಗತ್ತಿಸತಕ್ಕದ್ದು. ಮೂಲ ಪ್ರತಿಗಳನ್ನು ತಮ್ಮಲ್ಲಿಯೇ ಉಳಿಸಿಕೊಳ್ಳತಕ್ಕದ್ದು. ಕಾಯಿಲೆ ಖಚಿತವಾದ ನಂತರ ವಿಳಂಬವಿಲ್ಲದೆ ಅರ್ಜಿ ಸಲ್ಲಿಸುವುದು ಅಗತ್ಯ.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಲ್ನಾರಿನ ಶೀಟಿನ ಮನೆಯಲ್ಲಿ ವಾಸಿಸುವುದು ಅಪಾಯವೇ?
ಉತ್ತರ: ಶೀಟು ಗಟ್ಟಿಯಾಗಿದ್ದು ಒಡಕು ಇಲ್ಲದಿದ್ದಲ್ಲಿ ಅಪಾಯ ಕಡಿಮೆ. ಮೊಳೆ ಹೊಡೆಯುವುದು, ಕೊರೆಯುವುದು, ಉಜ್ಜುವುದು ಕೂಡದು. ಶೀಟು ಸವೆದು ಪುಡಿಯಾಗುತ್ತಿದ್ದಲ್ಲಿ ಬದಲಾಯಿಸುವುದು ಸೂಕ್ತ.

ಪ್ರಶ್ನೆ: ಒಂದೆರಡು ದಿನ ಮಾತ್ರ ಧೂಳಿನಲ್ಲಿ ಕೆಲಸ ಮಾಡಿದವರು ಏನು ಮಾಡಬೇಕು?
ಉತ್ತರ: ಉಸಿರಾಡಿದ ಧೂಳಿನ ಪ್ರಮಾಣ ಹೆಚ್ಚಿದಂತೆ ಅಪಾಯ ಹೆಚ್ಚುತ್ತದೆ. ಒಂದೆರಡು ದಿನದ ಕೆಲಸದಿಂದ ಕಾಯಿಲೆ ಬರುವ ಸಂಭವ ಕಡಿಮೆ. ತಕ್ಷಣ ತೆಗೆದ ಕ್ಷ-ಕಿರಣ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಆ ಕೆಲಸದ ವಿವರವನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಮತ್ತು ಧೂಮಪಾನ ಬಿಡುವುದು ಸೂಕ್ತ.

ಪ್ರಶ್ನೆ: ಹಳೆಯ ಶೀಟನ್ನು ಮಾರಬಹುದೇ, ಕೊಟ್ಟಿಗೆಗೆ ಮತ್ತೆ ಬಳಸಬಹುದೇ?
ಉತ್ತರ: ಮರುಬಳಕೆಗೆ ಮತ್ತೆ ಕತ್ತರಿಸಿ, ಕೊರೆಯಬೇಕಾಗುತ್ತದೆ. ಹಳೆಯ ಶೀಟು ಸುಲಭವಾಗಿ ಒಡೆಯುತ್ತದೆ. ಆದ್ದರಿಂದ ಮಾರಾಟ ಮತ್ತು ಮರುಬಳಕೆ ಸೂಕ್ತವಲ್ಲ.

ಪ್ರಶ್ನೆ: ಶೀಟಿನ ಮೇಲೆ ಬಣ್ಣ ಬಳಿಯಬಹುದೇ?
ಉತ್ತರ: ಗಟ್ಟಿಯಾದ ಶೀಟಿಗೆ ಉಜ್ಜದೆ, ಕೆರೆಯದೆ ಬಣ್ಣ ಬಳಿದಲ್ಲಿ ಎಳೆಗಳು ಹೊರಬರುವುದು ಕಡಿಮೆಯಾಗುತ್ತದೆ. ಶೀಟಿನ ಮೇಲೆ ಹತ್ತದೆ, ಭದ್ರವಾದ ಅಟ್ಟಣಿಗೆಯಿಂದ ಬಳಿಯತಕ್ಕದ್ದು.

ವಿಶೇಷ ಸೂಚನೆ: ಅನುಮಾನವಿದ್ದಲ್ಲಿ ಕೆಲಸ ನಿಲ್ಲಿಸುವುದೇ ಸರಿಯಾದ ಕ್ರಮ. ಮುಖವಾಡ ಮತ್ತು ಹಲಗೆ ಒದಗಿಸದೆ ಕಲ್ನಾರಿನ ಶೀಟಿನ ಕೆಲಸಕ್ಕೆ ಯಾರನ್ನೂ ಹಚ್ಚಕೂಡದು ಎಂದು ಕಟ್ಟಡದ ಮಾಲೀಕರು ಮತ್ತು ಗುತ್ತಿಗೆದಾರರಲ್ಲಿ ಕೋರಲಾಗಿದೆ.